ಬರಕೊಳ್ಳುವವರ ಕಿವಿ

ಧಾರವಾಡ ಆಕಾಶವಾಣಿಗೆ ನಾನು ಕ್ಯಾಶುವಲ್ ಅನೌನ್ಸರ್ ಆಗಿ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಕಾಯಂ ನೌಕರಿಯಲ್ಲ, ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಬೆಳಗಿನ ಡ್ಯೂಟಿಯಾದರೆ ಕತ್ತಲಲ್ಲೇ ಎದ್ದು ಹೊರಡಬೇಕು, ಸಂಜೆಯದಾದರೆ ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟಿರುತ್ತಿತ್ತು. ಒಂದು ಡ್ಯೂಟಿ ಮುಗಿದು ಇನ್ನೊಂದು ಬರುವಷ್ಟರಲ್ಲಿ ಹಿಂದಿನ ಸಲ ಎಲ್ಲಿ ಉಸಿರು ಸಾಲದಾಯಿತು, ಯಾವ ಹೆಸರು ನಾಲಗೆಗೆ ತೊಡರಿತು ಎಂಬುದೆಲ್ಲ ಮಸುಕಾಗಿರುತ್ತಿತ್ತು. ದಿನವೂ ಮೈಕಿನ ಮುಂದೆ ಕೂರುವವರಿಗೆ ರೂಢಿಯೇ ಕಲಿಸುತ್ತದೆ. ನನ್ನಂಥವರಿಗೆ ರೂಢಿ ಬೆಳೆಯಲು ಅವಕಾಶವೇ ಕಡಿಮೆ. ಸಿಕ್ಕಿದ ಕೆಲವೇ ಗಂಟೆಗಳಿಂದ ಆದಷ್ಟು ಹಿಂಡಿಕೊಳ್ಳಬೇಕು ಎಂಬ ಆಸೆಯಿಂದ ನೋಟ್‌ಬುಕ್ ಇಡಲು ಶುರುಮಾಡಿದೆ.

ಆಗಿನ ಪುಟಗಳನ್ನು ಈಗ ತಿರುವಿದರೆ ನಗು ಬರುತ್ತದೆ. ‘ಇವತ್ತು ಚೆನ್ನಾಗಾಯಿತು.’ ‘ಯಾಕೋ ಸಮಾಧಾನವಿಲ್ಲ.’ ‘ಇನ್ನಷ್ಟು ಆತ್ಮವಿಶ್ವಾಸ ಬೇಕು.’ ದಿನಚರಿ ಎಂದರೆ ಹೀಗೇ ಬರೆಯಬೇಕು ಎಂದುಕೊಂಡಿದ್ದ ವಯಸ್ಸು. ಮುಂದಿನ ಡ್ಯೂಟಿಗೆ ಹೊರಡುವ ಮುನ್ನ ಅದನ್ನು ತೆರೆದರೆ ಕೈಗೆ ಸಿಗುವಂಥದ್ದು ಏನೂ ಇರುತ್ತಿರಲಿಲ್ಲ. ಆತ್ಮವಿಶ್ವಾಸ ಬೇಕು ಸರಿ, ಆದರೆ ಸಂಜೆ 6 ಗಂಟೆ 28 ನಿಮಿಷಕ್ಕೆ ಫೇಡರ್ ಮೇಲೆ ಕೈಯಿಟ್ಟು ಕೂತಾಗ ಅದನ್ನು ಎಲ್ಲಿಂದ ತರುವುದು?

ಬರೆಯುವ ರೀತಿಯನ್ನು ನನಗೆ ಕಲಿಸಿದ್ದು ಡ್ಯೂಟಿ ರೂಮು. ಆಕಾಶವಾಣಿಯ ಯಾವ ನಿಲಯಕ್ಕೆ ಹೋದರೂ ಈ ಕೋಣೆ ಇರುತ್ತದೆ. ಪ್ರಸಾರ ನಡೆಯುವಷ್ಟು ಹೊತ್ತೂ ಡ್ಯೂಟಿ ಆಫೀಸರ್ ಅಲ್ಲಿ ಕೂತು, ಕೇಳುಗರಿಗೆ ಏನು ಕೇಳಿಸುತ್ತಿದೆಯೋ ಅದನ್ನೇ ಸ್ಪೀಕರಿನಲ್ಲಿ ಕೇಳುತ್ತಾ ವರದಿ ಬರೆಯುತ್ತಿರುತ್ತಾರೆ. ಎದುರಿಗೆ ಆ ದಿನದ ಕ್ಯೂ ಶೀಟು. ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಶುರುವಾಗಬೇಕಿತ್ತು, ಎಷ್ಟಕ್ಕೆ ಆಯಿತು, ಎಲ್ಲಿ ಮೌನ ಉಳಿಯಿತು, ಯಾವ ಹಾಡು ಅರ್ಧಕ್ಕೆ ನಿಂತಿತು ಎಲ್ಲವೂ ಅಲ್ಲಿ ದಾಖಲು. ಮರುದಿನ ಬೆಳಗಿನ ಸಭೆಯಲ್ಲಿ ಅದರ ಮೇಲೆ ಮಾತು. ನನ್ನ ಬಗ್ಗೆ ಒಮ್ಮೆ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: ‘ವಾರ್ತೆಗಳಿಗೆ ಮುನ್ನ ಒಂಬತ್ತು ಸೆಕೆಂಡು ಮೌನ. ಉದ್ಘೋಷಣೆ ಬೇಗ ಮುಗಿದದ್ದು ಕಾರಣ.’ ಅಷ್ಟೇ. ಬೇಜವಾಬ್ದಾರಿ ಎಂದಿಲ್ಲ, ಗಮನವಿಟ್ಟು ಕೆಲಸ ಮಾಡಬೇಕು ಎಂಬ ಬುದ್ಧಿಮಾತಿಲ್ಲ. ಓದಿದವರಿಗೆ ಏನು ಮಾಡಬೇಕೆಂದು ತಾನಾಗಿ ತಿಳಿಯುತ್ತದೆ: ವಾರ್ತೆಯ ಮುಂಚಿನ ಉದ್ಘೋಷಣೆಗೆ ಒಂದು ಹೆಚ್ಚುವರಿ ವಾಕ್ಯ ಸಿದ್ಧವಿರಲಿ, ಗಡಿಯಾರ ನೋಡಿಕೊಂಡು ಸೇರಿಸು ಇಲ್ಲವೇ ಬಿಡು.

ನನ್ನ ನೋಟ್‌ಬುಕ್ಕನ್ನೂ ಅದೇ ಮಾದರಿಗೆ ತಂದೆ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದೆ. ಮೊದಲನೆಯದರಲ್ಲಿ ಎಷ್ಟು ಹೊತ್ತಿಗೆ, ಏನಾಯಿತು. ಎರಡನೆಯದರಲ್ಲಿ ಅದನ್ನು ಹೇಳಿದವರು ಯಾರು: ನಾನೇ ಗಮನಿಸಿದ್ದೋ, ಡ್ಯೂಟಿ ರೂಮಿನ ವರದಿಯೋ, ಬೇರೆಯವರೋ. ಮೂರನೆಯದು ಮುಂದಿನ ಡ್ಯೂಟಿಯಲ್ಲಿ ಮಾಡುವ ಕೆಲಸ. ಮೂರನೆಯ ಕಾಲಮ್ಮಿನಲ್ಲಿ ‘ಹುಷಾರಾಗಿರಬೇಕು’ ಎಂದು ಬರೆಯಕೂಡದು ಎಂಬ ಕಟ್ಟಳೆ ಹಾಕಿಕೊಂಡೆ. ಬೇರೆಯವರು ನೋಡಿ ‘ಮಾಡಿದ್ದೀರಿ’ ಅಥವಾ ‘ಮಾಡಿಲ್ಲ’ ಎಂದು ಹೇಳಬಹುದಾದ ಕೆಲಸವಾದರೆ ಮಾತ್ರ ಅಲ್ಲಿ ಜಾಗ. ಅಲ್ಲಿಂದಾಚೆಗೆ ಪುಟಗಳು ಬಣಗುಡತೊಡಗಿದವು, ಆದರೆ ಉಪಯೋಗಕ್ಕೆ ಬಂದವು.

ಡ್ಯೂಟಿ ಇಲ್ಲದ ದಿನಗಳಲ್ಲೂ ಬರೆಯುತ್ತಿದ್ದೆ. ಬೇರೆಯವರು ಉದ್ಘೋಷಿಸುವಾಗ ಮನೆಯಲ್ಲಿ ರೇಡಿಯೊ ಪಕ್ಕ ಕೂತು, ನಾನೇ ಡ್ಯೂಟಿ ರೂಮಿನಲ್ಲಿದ್ದೇನೆ ಎಂಬಂತೆ ಅದೇ ಕಾಲಮ್ಮುಗಳಲ್ಲಿ ಟಿಪ್ಪಣಿ. ಇನ್ನೊಬ್ಬರ ಮಾತಿನಲ್ಲಿ ಸಡಿಲವಾದದ್ದು ಎಷ್ಟು ಬೇಗ ಕಿವಿಗೆ ಬೀಳುತ್ತದೆ! ಹಾಡು ಮುಗಿದ ಮೇಲೆ ಎಷ್ಟು ಬಿಟ್ಟು ಮಾತು ಶುರುಮಾಡಿದರೆ ಹಿತ, ಗಾಯಕರ ಹೆಸರನ್ನು ಮೊದಲು ಹೇಳಿದರೆ ಚೆಂದವೋ ಕೊನೆಗೋ, ಇಂಥದ್ದೆಲ್ಲ ನಾನು ಕಲಿತದ್ದು ಹಾಗೆ ಕೂತು ಕೇಳಿಯೇ. ನನ್ನ ಡ್ಯೂಟಿ ಇದ್ದಾಗ ಮನೆಯವರು ಟೂ-ಇನ್-ಒನ್‌ನಲ್ಲಿ ಕ್ಯಾಸೆಟ್ಟು ಹಾಕಿ ಧ್ವನಿ ಹಿಡಿದಿಡುತ್ತಿದ್ದರು. ಅದನ್ನು ಮೊದಲ ಸಲ ಕೇಳಿದಾಗ ಇದು ಯಾರ ಸ್ವರ ಎನಿಸಿತ್ತು. ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ. ಮೂಳೆ ಮಂದ್ರವನ್ನು ಹೆಚ್ಚು ಸಾಗಿಸುವುದರಿಂದ ನಾವೆಲ್ಲ ನಮಗೆ ಘನಗಂಭೀರವಾಗಿಯೇ ಕೇಳಿಸಿಕೊಳ್ಳುತ್ತೇವೆ. ಊರಿಗೆ ಕೇಳುವುದು ಕ್ಯಾಸೆಟ್ಟಿನಲ್ಲಿದ್ದ ತೆಳು ದನಿ. ಅದಕ್ಕೆ ಒಗ್ಗಿಕೊಳ್ಳಲು ಕೆಲವು ತಿಂಗಳೇ ಬೇಕಾದವು.

ಸ್ಟುಡಿಯೊದ ಸ್ಪೂಲ್ ಟೇಪು ಇನ್ನೂ ನಿಷ್ಠುರ. ಅದು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು, ಅಂದರೆ ಸುಮಾರು 19 ಸೆಂಟಿಮೀಟರ್. ಭಾಷಣಗಳನ್ನು ಸಂಕಲನ ಮಾಡುವಾಗ ಬೇಡವಾದ ಭಾಗವನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಸೇರಿಸಬೇಕಿತ್ತು. ಮಾತಿನ ನಡುವೆ ಒಬ್ಬರು ಒಂದು ಸೆಕೆಂಡು ‘ಆಂ’ ಎಂದರೆ ಒಂದು ಗೇಣು ಟೇಪು. ಒಂದು ಕಿರು ಸಂದರ್ಶನ ಮುಗಿಸಿ ನೆಲ ನೋಡಿದರೆ, ನಾನು ಪ್ರಶ್ನೆ ಕೇಳುವ ಮೊದಲು ಹಾಕಿದ ರಾಗಗಳೇ ಕಾಲ ಬಳಿ ಸುರುಳಿ ಸುರುಳಿಯಾಗಿ ಬಿದ್ದಿರುತ್ತಿದ್ದವು. ಅವನ್ನು ಗುಡಿಸುವವರು ನಾವೇ. ಪ್ರಶ್ನೆಯನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು ಬಾಯಿ ತೆರೆಯಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಯಂತ್ರಗಳ ಮಾತು ಹೀಗಾದರೆ, ಮನುಷ್ಯರು ಹೇಳುವುದರಲ್ಲಿ ಜರಡಿ ಹಿಡಿಯುವ ಕೆಲಸ ಹೆಚ್ಚು. ‘ಚೆನ್ನಾಗಿ ಬಂತು’ ಎಂಬವರು ಬಹಳ. ಬಂಧುಗಳು, ನೆರೆಯವರು, ಕಾಲೇಜಿನ ಗೆಳೆಯರು ಎಲ್ಲರೂ ನನ್ನ ದನಿ ರೇಡಿಯೊದಲ್ಲಿ ಬಂತೆಂಬ ಖುಷಿಯಲ್ಲೇ ಕೇಳಿದವರು. ನಾನೇನು ಹೇಳಿದೆ ಎಂದು ಕೇಳಿದರೆ ನೆನಪಿರುತ್ತಿರಲಿಲ್ಲ. ಇನ್ನು ಹಿರಿಯರು ಕೊಡುತ್ತಿದ್ದ ಸಲಹೆ: ‘ಸ್ವಲ್ಪ ಜೀವ ತುಂಬಿ ಓದಿ.’ ಅದು ಸುಳ್ಳಲ್ಲ. ಆದರೆ ಕಬ್ಬಿಗೆ ಗೊಬ್ಬರ ಹಾಕುವ ಪ್ರಮಾಣ ಓದುವಾಗ ಜೀವ ತುಂಬುವುದು ಎಂದರೆ ದನಿ ಏರಿಸುವುದೋ, ನಿಧಾನಿಸುವುದೋ, ನಗುವುದೋ ಎಂದು ತಿಳಿಯದೆ ಮೂರನ್ನೂ ಮಾಡಿ ನೋಡಿದ್ದುಂಟು.

ಗ್ರೇಡುಗಳ ಲೋಕವೂ ಅಲ್ಲೇ ಇತ್ತು. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ 1952–62ರ ಅವಧಿಯಲ್ಲಿ ಬೇರೂರಿದ ಧ್ವನಿಪರೀಕ್ಷೆಯ ಪದ್ಧತಿ ಸಂಗೀತಗಾರರನ್ನು ಬಿ, ಬಿ-ಹೈ, ಎ, ಟಾಪ್ ಎಂದು ವಿಂಗಡಿಸುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರಂಥವರು ಸಂಗೀತ ಸಲಹೆಗಾರರಾಗಿದ್ದ ನಿಲಯ ನಮ್ಮದು. ಕಾರಿಡಾರಿನಲ್ಲಿ ತಂಬೂರಿ ಹೊತ್ತು ಹೋಗುವ ಎಳೆಯ ಗಾಯಕರ ಬಾಯಲ್ಲಿ ಗ್ರೇಡಿನದೇ ಮಾತು. ಬಿ ಬಂದವರೊಬ್ಬರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ, ‘ಬಿ ಅಂತ ಕೊಟ್ಟಾರ. ಯಾಕ ಅಂತ ಹೇಳಿಲ್ಲ. ಸುರ ಹೋತೋ, ತಾಳ ಹೋತೋ, ತಾನ ಹೋತೋ?’ ಎಂದದ್ದು ಈಗಲೂ ಕಿವಿಯಲ್ಲಿದೆ. ಯಾರಿಗೆ ಎಷ್ಟು ಕಾರ್ಯಕ್ರಮ, ಎಷ್ಟು ಸಂಭಾವನೆ ಎಂದು ಗೊತ್ತುಮಾಡುವವರಿಗೆ ಗ್ರೇಡು ಬೇಕೇ ಬೇಕು. ಮರುದಿನ ಬೆಳಗಿನ ರಿಯಾಜಿಗೆ ಕೂತವರಿಗೆ ಅದರಿಂದ ಆಗುವ ಸಹಾಯ ಕಡಿಮೆ.

ನನಗೆ ಮೊದಲು ಸಿಕ್ಕ ಗಟ್ಟಿ ಸಲಹೆ ಕಾರ್ಯಕ್ರಮ ವಿಭಾಗದಿಂದ ಬರಲಿಲ್ಲ, ಕಂಟ್ರೋಲ್ ರೂಮಿನಿಂದ ಬಂತು. ಅಲ್ಲಿನ ಎಂಜಿನಿಯರೊಬ್ಬರಿಗೆ ಸಾಹಿತ್ಯದ ಗೀಳೂ ಇರಲಿಲ್ಲ, ಉಚ್ಚಾರದ ಗೊಡವೆಯೂ ಇರಲಿಲ್ಲ. ಅವರ ಕಣ್ಣು ಯಾವಾಗಲೂ ದನಿಯ ಮಟ್ಟ ತೋರಿಸುವ ವಿಯು ಮೀಟರಿನ ಮುಳ್ಳಿನ ಮೇಲೆ. ಒಂದು ಸಂಜೆ ಗಾಜಿನಾಚೆಯಿಂದ ಟಾಕ್‌ಬ್ಯಾಕ್ ಒತ್ತಿ ಹೇಳಿದರು: ‘ನೀವು ವಾಕ್ಯ ಮುಗಿಸೋ ಹೊತ್ತಿಗೆ ಮುಳ್ಳು ಬಿದ್ದು ಹೋಗತದ. ಪ್ರತಿ ವಾಕ್ಯಕ್ಕೂ. ನಾ ಎಷ್ಟಂತ ಎತ್ತಲಿ?’

ನೋಡಿದರೆ ನಿಜ. ವಾಕ್ಯದ ಆರಂಭದಲ್ಲಿ ಉಸಿರು ತುಂಬಿರುತ್ತದೆ, ಕೊನೆಗೆ ಬರುವಾಗ ಬತ್ತಿರುತ್ತದೆ, ದನಿ ತಾನಾಗಿ ಇಳಿಯುತ್ತದೆ. ಆದರೆ ಕನ್ನಡ ವಾಕ್ಯದ ತೀರ್ಪೆಲ್ಲ ಕೊನೆಯಲ್ಲೇ. ಕೃಷಿ ಕಾರ್ಯಕ್ರಮದಲ್ಲಿ ‘ಹೂವಾಡುವ ಹಂತದಲ್ಲಿ ಈ ಔಷಧಿಯನ್ನು ಸಿಂಪಡಿಸಬಹುದು’ ಎಂಬುದಕ್ಕೂ ‘ಸಿಂಪಡಿಸಬಾರದು’ ಎಂಬುದಕ್ಕೂ ಇರುವ ವ್ಯತ್ಯಾಸವೆಲ್ಲ ಬಾಲದಲ್ಲಿದೆ. ಅದೂ ಎಂಥ ಹೊತ್ತಿನಲ್ಲಿ? ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ದೂರದೂರಕ್ಕೆ ಹರಿಯುತ್ತದೆ. ನಮ್ಮ ದನಿ ದೂರ ಹೋಗುವಂತೆಯೇ ದೂರದ ನಿಲಯಗಳ ದನಿಯೂ ಬಂದು ಮೇಲೆ ಬೀಳುತ್ತದೆ. 765 ಕಿಲೋಹರ್ಟ್ಸ್‌ಗೆ ಮುಳ್ಳು ಕೂರಿಸಿಕೊಂಡು, ಗೊರಗೊರ ಸದ್ದಿನ ನಡುವೆ ಕಿವಿಗೊಟ್ಟು ಕೂತ ರೈತರಿಗೆ ‘ಸಿಂಪಡಿಸಬ...’ ಎಂಬಷ್ಟೇ ಮುಟ್ಟಿದರೆ ಗತಿಯೇನು? ಆ ರಾತ್ರಿ ಮೂರನೆಯ ಕಾಲಮ್ಮಿನಲ್ಲಿ ಬರೆದ ಕೆಲಸ ಹೀಗಿತ್ತು: ಕೃಷಿ ಮಾಹಿತಿಯ ಪ್ರತಿಯಲ್ಲಿ ಕ್ರಿಯಾಪದಗಳ ಕೆಳಗೆಲ್ಲ ಕೆಂಪು ಗೆರೆ, ಉದ್ದ ವಾಕ್ಯವಾದರೆ ಕ್ರಿಯಾಪದಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುವ ಗುರುತು. ಮುಂದಿನ ಸಲ ಗಾಜಿನಾಚೆ ನೋಡಿದೆ. ಎಂಜಿನಿಯರ್ ಕೈ ಕಟ್ಟಿಕೊಂಡು ಕೂತಿದ್ದರು. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೇ?

ಇನ್ನೊಂದು ಬಂದದ್ದು ಅಂಚೆಯಲ್ಲಿ. ಆಗ ಕಾರ್ಡಿಗೆ 15 ಪೈಸೆ. ನಿಲಯಕ್ಕೆ ಬರುವ ಕಾರ್ಡುಗಳಲ್ಲಿ ಹೆಚ್ಚಿನವು ಚಿತ್ರಗೀತೆಯ ಕೋರಿಕೆಗಳು, ಒಂದೊಂದರ ಮೇಲೂ ಮನೆಮಂದಿಯ ಜೊತೆ ಓಣಿಯ ಹುಡುಗರ ಹೆಸರೂ ತುಂಬಿರುತ್ತಿದ್ದವು. ಅವುಗಳ ನಡುವೆ ನವಲಗುಂದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಕಾರ್ಡು ಮಾರುಕಟ್ಟೆ ಧಾರಣೆಯ ಬಗ್ಗೆ ಇತ್ತು. ‘ನೀವು ಹೇಳಿದ ಹುಬ್ಬಳ್ಳಿ ರೇಟು ಬರಕೊಳ್ಳೋದ್ರಾಗ ನೀವು ಗದಗ ದಾಟಿ ಹೋಗಿರ್ತೀರಿ. ಸ್ವಲ್ಪ ನಿಂತು ಹೋಗ್ರಿ. ಮತ್ತ ಒಮ್ಮೆ ಕನಿಷ್ಠ ಮೊದಲ ಹೇಳ್ತೀರಿ, ಒಮ್ಮೆ ಗರಿಷ್ಠ ಮೊದಲ ಹೇಳ್ತೀರಿ. ಯಾವುದರ ಒಂದ ಮಾಡ್ರಿ.’ ಕೆಳಗೆ ಸಹಿ. ಹೊಗಳಿಕೆಯಿಲ್ಲ, ಬೈಗುಳವಿಲ್ಲ, ಹಾಡಿನ ಕೋರಿಕೆಯೂ ಇಲ್ಲ.

ಧಾರಣೆ ಓದುವುದೆಂದರೆ ನಮ್ಮಲ್ಲಿ ಯಾರಿಗೂ ಅಷ್ಟಾಗಿ ಬೇಡವಾದ ಕೆಲಸ. ಬರೀ ಊರು, ಸರಕು, ಅಂಕಿ. ಹುಬ್ಬಳ್ಳಿಯ ಹತ್ತಿ, ಅದರಲ್ಲೂ ಡಿಸಿಎಚ್ ಬೇರೆ, ಜಯಧರ ಬೇರೆ, ಗದಗಿನ ಶೇಂಗಾ, ಬ್ಯಾಡಗಿಯ ಮೆಣಸಿನಕಾಯಿಯಲ್ಲಿ ಡಬ್ಬಿ ಬೇರೆ, ಕಡ್ಡಿ ಬೇರೆ. ನಿಗದಿತ ಸಮಯದೊಳಗೆ ಮುಗಿಸಬೇಕೆಂಬ ಒಂದೇ ಧ್ಯಾನದಲ್ಲಿ ನಾನು ಅದನ್ನು ಒಂದೇ ಓಟದಲ್ಲಿ ಓದಿ ಮುಗಿಸುತ್ತಿದ್ದೆ. ತಪ್ಪಿಲ್ಲದೆ ಓದಿದ್ದರಿಂದ ಡ್ಯೂಟಿ ರೂಮಿನ ವರದಿಯಲ್ಲಿ ಅದರ ಸುದ್ದಿಯೇ ಇರುತ್ತಿರಲಿಲ್ಲ. ವರದಿ ಬರೆಯುವವರಾಗಲಿ ಮನೆಯಲ್ಲಿ ಕ್ಯಾಸೆಟ್ಟು ಹಾಕುತ್ತಿದ್ದವರಾಗಲಿ ಹತ್ತಿ ಮಾರುವವರಲ್ಲ. ಆ ಕಾರ್ಡು ಬರೆದವರ ಮನೆಯಲ್ಲಿ ಬಹುಶಃ ಹತ್ತಿಯ ಅಂಡಿಗೆಗಳು ಕಾಯುತ್ತಿದ್ದವು. ನಾಳೆ ಗಾಡಿಯನ್ನು ಯಾವ ಪೇಟೆಗೆ ಹೊಡೆಯಬೇಕು ಎಂಬುದು ನನ್ನ ಬಾಯಿಂದ ಬರುವ ಅಂಕಿಯ ಮೇಲಿತ್ತು. ಅವರು ಪೆನ್ಸಿಲು ಹಿಡಿದು ಕೂತು ಕೇಳಿದವರು.

ನಾನು ಮಾಡಿದ್ದಿಷ್ಟು. ಮನೆಯಲ್ಲಿ ಕ್ಯಾಸೆಟ್ಟು ಹಾಕಿ, ನಾನೇ ಓದಿದ ಧಾರಣೆಯನ್ನು ನಾನೇ ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಕೂತೆ. ಮೂರನೆಯ ಸರಕಿಗೇ ಕೈ ಸೋತಿತು. ಆಮೇಲೆ ಬರೆಯುವ ಕೈಯ ವೇಗಕ್ಕೆ ಓದುವ ವೇಗವನ್ನು ಇಳಿಸಿದೆ. ಮೊದಲು ಪೇಟೆ, ಆಮೇಲೆ ಸರಕು, ಆಮೇಲೆ ಕನಿಷ್ಠ, ಕೊನೆಗೆ ಗರಿಷ್ಠ. ಒಂದು ಪೇಟೆ ಮುಗಿದು ಇನ್ನೊಂದಕ್ಕೆ ಹೋಗುವಾಗ ಹಾಳೆ ತಿರುವುವಷ್ಟು ಬಿಡುವು. ಸಮಯ ಸಾಲದಾಯಿತು. ಎಲ್ಲವನ್ನೂ ಅವಸರದಲ್ಲಿ ಓದುವ ಬದಲು ಅಂದು ಧಾರಣೆ ಬದಲಾಗದ ಸರಕುಗಳನ್ನು ಒಟ್ಟಿಗೆ ‘ನಿನ್ನೆಯಂತೆಯೇ ಇದೆ’ ಎಂದು ಹೇಳಿಬಿಡಬಹುದೇ ಎಂದು ಕೃಷಿ ವಿಭಾಗದಲ್ಲಿ ಕೇಳಿದೆ. ಒಪ್ಪಿದರು. ಓದುವ ಪ್ರತಿಯ ರೂಪವೇ ಬದಲಾಯಿತು. ನನ್ನ ದನಿ ಸುಧಾರಿಸಿತೋ ಇಲ್ಲವೋ ಗೊತ್ತಿಲ್ಲ, ಕಾರ್ಯಕ್ರಮವಂತೂ ಸುಧಾರಿಸಿತು.

ಅಲ್ಲಿಂದ ಮುಂದೆ ಯಾರ ಅಭಿಪ್ರಾಯ ಕೇಳಬೇಕು ಎಂಬ ವಿಷಯದಲ್ಲಿ ನಾನು ಆಯ್ಕೆ ಮಾಡತೊಡಗಿದೆ. ಬೆಳಗಿನ ಡ್ಯೂಟಿಯ ಬಗ್ಗೆ ಕೇಳಬೇಕೆಂದರೆ, ರೇಡಿಯೊ ಹೇಳುವ ಸಮಯ ನೋಡಿಕೊಂಡು ಬಸ್ಸಿಗೆ ಹೊರಡುವ ಪಕ್ಕದ ಮನೆಯ ಮೇಷ್ಟರನ್ನು ಕೇಳುತ್ತಿದ್ದೆ. ಅವರಿಗೆ ಹಾಡೂ ಬೇಡ, ಚಿಂತನವೂ ಬೇಡ. ಸಮಯ ಹೇಳಿದ್ದು ಸರಿಯಾಗಿ ಕೇಳಬೇಕು. ‘ನೀವು ಟೈಮು ಹೇಳೂದು ಮ್ಯೂಸಿಕ್ಕಿನ್ಯಾಗ ಮುಳುಗಿ ಹೋಗತದ’ ಎಂದು ಅವರು ಹೇಳಿದ್ದನ್ನು ಯಾವ ತಜ್ಞರೂ ಹೇಳಿರಲಿಲ್ಲ. ‘ಹೇಗಿತ್ತು?’ ಎಂದು ಕೇಳುವುದನ್ನೂ ಬಿಟ್ಟೆ. ಆ ಪ್ರಶ್ನೆಗೆ ಸಭ್ಯರಾದವರು ಚೆನ್ನಾಗಿತ್ತು ಎಂದಲ್ಲದೆ ಇನ್ನೇನು ಹೇಳಿಯಾರು? ‘ಎಲ್ಲಿ ತಿಳಿಯಲಿಲ್ಲ? ಎಲ್ಲಿ ಎದ್ದು ಹೋಗೋಣ ಅನಿಸಿತು?’ ಎಂದು ಕೇಳಿದರೆ ಅವರಿಗೂ ಹೇಳುವುದು ಸುಲಭ, ನನಗೂ ಕೇಳಿಸಿಕೊಳ್ಳುವುದು ಸುಲಭ.

ಎಷ್ಟೋ ವರ್ಷಗಳ ಮೇಲೆ, ಮೈಕು ಬಿಟ್ಟು ಎಳೆಯರಿಗೆ ತರಬೇತಿ ಕೊಡುವ ಕೆಲಸಕ್ಕೆ ತೊಡಗಿದಾಗ, ಇದೇ ವಿಷಯವನ್ನು ಸಂಶೋಧಕರು ಲೆಕ್ಕಹಾಕಿ ನೋಡಿರುವುದು ತಿಳಿಯಿತು. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬ ಇಬ್ಬರು 1996ರಲ್ಲಿ, ಕೆಲಸದ ಬಗ್ಗೆ ಅಭಿಪ್ರಾಯ ಹೇಳುವುದರಿಂದ ಆಗುವ ಪರಿಣಾಮದ ಮೇಲೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದ್ದರು. ಸರಾಸರಿಯಲ್ಲಿ ಉಪಯೋಗವಿದೆ, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ: ಹೇಳಿದ ಮಾತು ಗಮನವನ್ನು ಮಾಡುವ ಕೆಲಸದಿಂದ ಮಾಡುವ ವ್ಯಕ್ತಿಯತ್ತ ಎಳೆದಷ್ಟೂ ಅದರ ಫಲ ಕಡಿಮೆ. ಹೊಗಳಿಕೆಗೂ ಇದು ಅನ್ವಯಿಸುತ್ತದೆ ಎಂಬುದು ನನಗೆ ಹಿಡಿಸಿತು. ‘ನಿಮ್ಮ ದನಿ ಜೇನು’ ಎಂದು ಯಾರಾದರೂ ಬರೆದ ವಾರ ನಾನು ನನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಾ ಓದುತ್ತಿದ್ದೆ. ಆ ವಾರದ ಡ್ಯೂಟಿಗಳ ಕಾಲಮ್ಮುಗಳು ತುಂಬಿರುತ್ತಿದ್ದವು.

ಈ ಅಭ್ಯಾಸಕ್ಕೆ ಎಲ್ಲೆಯೂ ಉಂಟು. ಬರೆದು ಬರೆದು ರೂಢಿಯಾದ ಮೇಲೆ ಮನೆಯಲ್ಲೂ ಅದೇ ಧಾಟಿ ಬಂತು. ಸಾರಿಗೆ ಉಪ್ಪು ಬಿದ್ದದ್ದು ಎಷ್ಟು ಹೊತ್ತಿಗೆ, ಕಾರಣವೇನು ಎಂಬಂಥ ವಿಚಾರಣೆ ನಡೆಸುವುದನ್ನು ಕಂಡು ತಂಗಿ ಒಂದು ದಿನ ಊಟದ ತಟ್ಟೆ ಸರಿಸಿ, ‘ಮನ್ಯಾಗ ಡ್ಯೂಟಿ ರೂಮು ತೆಗೀಬ್ಯಾಡ’ ಎಂದಳು. ಧಾರವಾಡದ ಮಾತು ಅವಳಿಗೆ ನನಗಿಂತ ಬೇಗ ಹತ್ತಿತ್ತು. ದಿನದಲ್ಲಿ ಒಂದು ಹೊತ್ತು, ಒಂದು ಕೆಲಸದ ಬಗ್ಗೆ ಮಾತ್ರ ಬರೆಯುವುದು ಎಂದು ಗೆರೆ ಎಳೆದುಕೊಂಡೆ. ಬದುಕನ್ನೆಲ್ಲ ಕಾಲಮ್ಮಿಗೆ ಹಾಕಹೊರಟರೆ ಬದುಕುವುದಕ್ಕೆ ಪುರುಸೊತ್ತಿರುವುದಿಲ್ಲ, ಜೊತೆಗಿರುವವರೂ ಉಳಿಯುವುದಿಲ್ಲ.

ಈಗ ನನ್ನಲ್ಲಿಗೆ ಬರುವ ಹುಡುಗ ಹುಡುಗಿಯರು ಪಾಡ್‌ಕಾಸ್ಟ್ ಮಾಡುವವರು. ಅವರ ಫೋನಿನಲ್ಲಿರುವ ಆ್ಯಪ್ ಮಾತನ್ನು ಅಕ್ಷರಕ್ಕಿಳಿಸಿ, ನಿಮಿಷಕ್ಕೆ ಎಷ್ಟು ಪದ, ಎಷ್ಟು ಸಲ ‘ಆ್ಯಕ್ಚುಲಿ’ ಎಂದು ಎಣಿಸಿ ಕೊಡುತ್ತದೆ. ನೆಲದ ಮೇಲೆ ಬಿದ್ದ ಟೇಪು ಹೇಳುತ್ತಿದ್ದುದನ್ನು ಅದು ಗುಡಿಸುವ ಕೆಲಸವಿಲ್ಲದೆ ಹೇಳುತ್ತದೆ. ಒಳ್ಳೆಯದೇ, ಬಳಸಿ ಎನ್ನುತ್ತೇನೆ. ಕೇಳುಗರು ಯಾವ ನಿಮಿಷಕ್ಕೆ ಬಿಟ್ಟು ಹೋದರು ಎಂಬ ಗೆರೆಯ ಚಿತ್ರವೂ ಅವರಿಗೆ ಸಿಗುತ್ತದೆ. ನಮಗೆ ಅದೂ ಇರಲಿಲ್ಲ. ಏಳನೆಯ ನಿಮಿಷಕ್ಕೆ ಗೆರೆ ಬಿದ್ದಿದೆ ಎಂದು ನೋಡಿ ಅವರು ಮೊದಲ ಆರು ನಿಮಿಷಕ್ಕೆ ಇನ್ನಷ್ಟು ಸಂಗೀತ, ಇನ್ನಷ್ಟು ನಗು ಸೇರಿಸುತ್ತಾರೆ. ಏಳನೆಯ ನಿಮಿಷದಲ್ಲಿ ಏನು ತಿಳಿಯಲಿಲ್ಲ ಎಂದು ಹೇಳುವ ಒಬ್ಬ ಮನುಷ್ಯ ಅವರ ಬಳಿ ಇರುವುದಿಲ್ಲ.

ಹಾಗಾಗಿ ಮೊದಲ ವಾರದಲ್ಲೇ ಅವರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಕಾರ್ಯಕ್ರಮದಿಂದ ನಿಜವಾಗಿ ಏನೋ ಬೇಕಾಗಿರುವ ಒಬ್ಬರನ್ನು ಹುಡುಕಿ. ಬ್ಯಾಂಕ್ ಸಾಲದ ಬಗ್ಗೆ ಮಾಡುತ್ತೀರಾದರೆ ಸಾಲಕ್ಕೆ ಅರ್ಜಿ ಹಾಕಲಿರುವವರು, ಪರೀಕ್ಷೆಯ ಬಗ್ಗೆಯಾದರೆ ಬರುವ ತಿಂಗಳು ಪರೀಕ್ಷೆ ಬರೆಯುವವರು. ಗೆಳೆಯರು ಬೇಡ, ಅವರು ನಿಮ್ಮನ್ನು ಕೇಳುತ್ತಾರೆ. ಪಂಡಿತರು ಈಗಲೇ ಬೇಡ, ಅವರು ತಮ್ಮ ಓದನ್ನು ಕೇಳಿಸಿಕೊಳ್ಳುತ್ತಾರೆ. ಅಗತ್ಯವಿದ್ದವರು ಮಾತ್ರ ವಿಷಯವನ್ನು ಕೇಳುತ್ತಾರೆ. ಅವರ ಕೈಗೆ ಪೆನ್ಸಿಲು ಕೊಟ್ಟು, ಬರೆದುಕೊಳ್ಳಲು ಹೇಳಿ, ಅವರು ಎಲ್ಲಿ ಬರೆಯುವುದನ್ನು ನಿಲ್ಲಿಸಿದರು ಎಂದು ನೋಡಿಕೊಂಡು ಬನ್ನಿ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ಅದೊಂದೇ ಸಾಲು, ಅದರ ಪಕ್ಕದಲ್ಲಿ ನಾಳೆ ಮಾಡುವ ಕೆಲಸ.